ಹಸಿರು ಶಾಯಿಯ ವಾಚು

ಮನೆ,
13 ಫೆಬ್ರುವರಿ, ಮಂಗಳವಾರ, ಮಧ್ಯಾಹ್ನ.
ಬೇಕರಿಗೆ ವಾರದ ರಜೆ. ನಾನೊಬ್ಬನೇ ಇದ್ದೇನೆ.

ಪ್ರೀತಿಯ ಇವಳೇ,

ಲಕೋಟೆಯ ಮೇಲೆ ನಿನ್ನ ಪೂರ್ತಿ ಹೆಸರು ಬರೆದಾಗ ಯಾವುದೋ ಕಚೇರಿಗೆ ಅರ್ಜಿ ಹಾಕುತ್ತಿರುವ ಹಾಗೆ ಅನ್ನಿಸಿತು. ಹದಿನೆಂಟು ವರ್ಷ ‘ಇವಳೇ’ ಎಂದು ಕರೆದು ರೂಢಿಯಾದ ಬಾಯಿ. ಒಳಗಿನ ಕಾಗದದಲ್ಲಾದರೂ ಅದೇ ಇರಲಿ. ಮಂಡಿ ನೋವು ಹೇಗಿದೆ? ನಿನ್ನ ಅಕ್ಕನ ಮನೆಯಲ್ಲಿ ಮಹಡಿಗೆ ಹದಿನಾಲ್ಕು ಮೆಟ್ಟಿಲು ಎಂದು ನೀನು ಒಮ್ಮೆ ಬರೆದಿದ್ದೆ. ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಹತ್ತಬೇಡ. ಥೈರಾಯ್ಡ್ ಮಾತ್ರೆ ಕಾಫಿ ಕುಡಿಯುವ ಮುಂಚೆ ತೆಗೆದುಕೊಳ್ಳುತ್ತಿದ್ದೀಯ ತಾನೆ? ನಾನು ಚೆನ್ನಾಗಿದ್ದೇನೆ. ಸ್ವಲ್ಪ ಇಳಿದುಹೋಗಿದ್ದೇನೆ, ಅಷ್ಟೆ. ಬೇಕರಿಯವನು ತೆಳ್ಳಗಾದರೆ ಗಿರಾಕಿಗಳು ಬ್ರೆಡ್ಡಿನ ಮೇಲೆ ಅನುಮಾನ ಪಡುತ್ತಾರೆ ಎಂದು ನಮ್ಮ ಸೂಪರ್‌ವೈಸರು ಉಗುರಪ್ಪ ಬೈಯುತ್ತಾನೆ. ಅಡುಗೆಮನೆಯ ನಲ್ಲಿ ರಿಪೇರಿ ಮಾಡಿಸಿದೆ, ಈಗ ತೊಟ್ಟಿಕ್ಕುವುದಿಲ್ಲ. ಎದುರು ಮನೆಯ ನರ್ಸಮ್ಮ ಕೆಲಸದಿಂದ ನಿವೃತ್ತರಾದರು. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ‘ಅವಳು ಯಾವಾಗ ಬರ್ತಾಳಪ್ಪಾ’ ಎಂದು ಕೇಳುತ್ತಾರೆ. ನಾನು ‘ಬರ್ತಾಳೆ’ ಅನ್ನುತ್ತೇನೆ. ಎಂಟು ದಿನಕ್ಕೆಂದು ಹೋದವಳು ನೀನು, ಈಗ ಒಂದೂವರೆ ವರ್ಷವಾಯಿತು. ದೂರು ಎಂದು ತಿಳಿಯಬೇಡ. ಈ ಮನೆಯಲ್ಲಿ ಇರುವುದು ಎಷ್ಟು ಕಷ್ಟ ಎಂದು ಇದ್ದವನಿಗೇ ಗೊತ್ತು.

ಇಷ್ಟು ದಿನ ನಾನು ಬರೆದದ್ದೆಲ್ಲ ಮೂರು ಸಾಲಿನ ಪತ್ರಗಳು, ಗ್ಯಾಸಿನ ಪುಸ್ತಕ, ಬ್ಯಾಂಕಿನ ಕಾಗದ ಅಂತ. ಇವತ್ತು ಉದ್ದವಾಗುತ್ತದೆ. ವಿಷಯ ಹೇಳಿಬಿಡುತ್ತೇನೆ, ನಗಬೇಡ. ನಲವತ್ತೇಳನೇ ವಯಸ್ಸಿನಲ್ಲಿ ಕೈ ಮೇಲೆ ಹಚ್ಚೆ ಹಾಕಿಸಿಕೊಳ್ಳಬೇಕೆಂದು ನನಗೆ ಮನಸ್ಸಾಗಿದೆ. ಒಂದು ಸಲ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನವನ ಕತ್ತಿನ ತುಂಬ ಹಚ್ಚೆ ನೋಡಿ ನಾನು ನಿನ್ನ ಕಿವಿಯಲ್ಲಿ ‘ಖಾಲಿ ಗೋಡೆ ಕಂಡ್ರೆ ಜಾಹೀರಾತಿನೋರು ಬಿಡ್ತಾರಾ’ ಅಂದದ್ದು, ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದು ನೆನಪಿದೆ. ಆ ಮಾತು ಈಗ ನನಗೇ ತಿರುಗಿ ಬಂದಿದೆ. ನಮ್ಮ ಬೇಕರಿಯ ಸಾಲಿನಲ್ಲಿ, ಛತ್ರಿ ರಿಪೇರಿಯವನು ಕೂರುತ್ತಿದ್ದ ಮಳಿಗೆಯಲ್ಲಿ, ಈಗ ಒಬ್ಬಾಕೆ ಹಚ್ಚೆಯ ಅಂಗಡಿ ಇಟ್ಟಿದ್ದಾಳೆ. ಮೂವತ್ತೈದರ ಆಸುಪಾಸಿನವಳು. ನಾಲ್ಕು ಗಂಟೆಗೆ ರಸ್ಕ್ ಕೊಳ್ಳಲು ಬರುತ್ತಾಳೆ. ಅವಳ ಎರಡು ಕೈಯೂ ಬೋಳು, ಒಂದು ಚುಕ್ಕಿಯೂ ಇಲ್ಲ. ಯಾಕೆಂದು ಕೇಳಿದರೆ ‘ದಿನಾ ಬನ್ ಮಾಡ್ತೀರಲ್ಲ, ನೀವು ಬನ್ ತಿಂತೀರಾ?’ ಅಂದಳು. ಹಾಗೆ ಪರಿಚಯವಾಯಿತು. ಹೋದ ವಾರ ಅವಳ ಅಂಗಡಿಗೆ ಹೋಗಿ ಕುರ್ಚಿಯ ಮೇಲೆ ಕೂತು ನಮ್ಮ ಇನ್ಸ್‌ಪೆಕ್ಟರ್ ಮಗಳ ವಾಚಿನ ಕಥೆ ಹೇಳಿದೆ. ಮಗಳು ಹೋಗಿ ಎರಡು ವರ್ಷ ಒಂದು ತಿಂಗಳಾಯಿತು. ಅದನ್ನು ಬಾಯಿಬಿಟ್ಟು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಹಚ್ಚೆಯಾಕೆಗೆ ಹೇಳಿದ ಹಾಗೇ ನಿನಗೂ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ. ಆದರೂ ಓದು, ಎಲ್ಲಾದರೂ ತಪ್ಪಿದ್ದರೆ ತಿದ್ದು.

ಬೇಕರಿಯೊಳಗೆ ವಾಚು, ಉಂಗುರ ಯಾವುದೂ ಹಾಕಿಕೊಳ್ಳುವ ಹಾಗಿಲ್ಲ. ಹಿಟ್ಟಿಗೆ ಕೈ ಹಾಕುವವರಿಗಂತೂ ಇಲ್ಲವೇ ಇಲ್ಲ. ಮಗಳಿಗೆ ಐದು ತುಂಬಿದಾಗ ಇದು ಹೇಗೋ ಗೊತ್ತಾಯಿತು. ‘ಅಪ್ಪನ ಹತ್ರ ವಾಚಿಲ್ಲ, ಅದಕ್ಕೇ ಲೇಟಾಗಿ ಬರ್ತಾನೆ’ ಎಂದು ತೀರ್ಪು ಕೊಟ್ಟಳು. ಮಾರನೇ ದಿನ ಬೆಳಿಗ್ಗೆ, ನಾನು ಚಪ್ಪಲಿ ಹಾಕಿಕೊಳ್ಳುವಾಗ, ನಿನ್ನ ಕನ್ನಡಕದ ಅಂಗಡಿಯಿಂದ ಬಂದ ಹಸಿರು ಪೆನ್ನು ತಂದು ಎಡಗೈ ಹಿಡಿದುಕೊಂಡಳು. ‘ಅಲ್ಲಾಡಿದ್ರೆ ಟೈಮ್ ತಪ್ಪಾಗುತ್ತೆ, ಆಮೇಲೆ ನನ್ನನ್ನ ಅನ್ಬೇಡ.’ ಮೊಟ್ಟೆಯಂಥ ಒಂದು ಸುತ್ತು. ಒಂದು, ಎರಡು, ಮೂರು ದಪ್ಪದಪ್ಪಗೆ ಶುರುವಾಗಿ ಒಂಬತ್ತು ಬರೆಯುವಷ್ಟರಲ್ಲಿ ಜಾಗ ಮುಗಿದುಹೋಗುತ್ತಿತ್ತು. ಹತ್ತು, ಹನ್ನೊಂದು, ಹನ್ನೆರಡು ಸುತ್ತಿನಿಂದ ಆಚೆ ಬಂದು ಮೊಣಕೈ ಕಡೆಗೆ ಸಾಲಾಗಿ ಹೊರಡುತ್ತಿದ್ದವು. ಏಳು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿರುತ್ತಿತ್ತು. ಕೊನೆಗೆ ಕೇಳುತ್ತಿದ್ದಳು: ‘ಎಷ್ಟು ಗಂಟೆಗೆ ಬರ್ತೀಯ?’ ನಾನು ‘ಆರಕ್ಕೆ’ ಅನ್ನುತ್ತಿದ್ದೆ. ಆರರ ಕಡೆಗೆ ಒಂದು ಗಿಡ್ಡ ಮುಳ್ಳು, ಊರು ಬಿಟ್ಟು ಹೋದ ಹನ್ನೆರಡನ್ನು ಹುಡುಕಿಕೊಂಡು ಒಂದು ಉದ್ದ ಮುಳ್ಳು. ಒಂದೂವರೆ ವರ್ಷ, ಕೆಲಸವಿದ್ದ ಪ್ರತಿ ದಿನ, ನನ್ನ ಕೈಯಲ್ಲಿ ಬೆಳಿಗ್ಗೆ ಏಳಕ್ಕೇ ಸಂಜೆ ಆರಾಗಿರುತ್ತಿತ್ತು.

ಬೇಕರಿ ಬಾಗಿಲಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು. ಉಗುರಪ್ಪ ಅಲ್ಲೇ ನಿಂತು ಅಂಗೈ, ಮುಂಗೈ, ಉಗುರು ನೋಡಿ ಒಳಗೆ ಬಿಡುತ್ತಾನೆ. ಹೆಸರು ಬಂದದ್ದೇ ಹಾಗೆ. ದಿನವೂ ತೊಳೆದೆ. ದಿನವೂ ಸಂಜೆ ಮನೆಯಲ್ಲಿ ಮಗಳ ತಪಾಸಣೆ. ‘ಮತ್ತೆ ಕಳ್ಕೊಂಡ್ಯಾ? ನಿನಗೆ ಕೊಟ್ಟಿದ್ದು ಒಂದೂ ಉಳಿಯಲ್ಲ!’ ‘ಬನ್ ಒಳಗೆ ಬಿದ್ದೋಯ್ತು ಮೇಡಂ, ಯಾರೋ ತಿಂದ್ಬಿಟ್ರು.’ ‘ಹಾಗಾದ್ರೆ ಅವರ ಹೊಟ್ಟೆ ಟಿಕ್ ಟಿಕ್ ಅನ್ನುತ್ತೆ, ಹೋಗಿ ಹಿಡ್ಕೊಂಡ್ ಬಾ.’ ನೀನು ಒಳಗಿನಿಂದ ‘ಅಪ್ಪ ಮಗಳು ಇಬ್ಬರಿಗೂ ಬೇರೆ ಕೆಲಸ ಇಲ್ಲ’ ಅನ್ನುತ್ತಿದ್ದೆ. ಆ ವಾಚಿನ ಒಂದು ಫೋಟೋ ಕೂಡ ಇಲ್ಲ. ದಿನಾ ಇರುವುದರ ಫೋಟೋ ಯಾರು ತೆಗೆಯುತ್ತಾರೆ?

ಹೋದ ತಿಂಗಳು ಹಿಟ್ಟು ತೂಗುತ್ತಿದ್ದಾಗ, ಅವಳು ವಾಚಿನ ಪಟ್ಟಿಯ ಬಕಲನ್ನು ಹೆಬ್ಬೆರಳಿನ ಕಡೆ ಬರೆಯುತ್ತಿದ್ದಳೋ ಕಿರುಬೆರಳಿನ ಕಡೆಯೋ ಎಂಬುದು ಇದ್ದಕ್ಕಿದ್ದಂತೆ ನೆನಪಾಗಲಿಲ್ಲ. ತಕ್ಕಡಿಯ ಮುಂದೆ ಹಾಗೇ ನಿಂತೆ. ಎರಡು ಸಲ ತೂಗಿದರೂ ಲೆಕ್ಕ ತಪ್ಪಿತು. ಅವತ್ತು ಸಂಜೆ ಮನೆಗೆ ಬಂದು ಅದೇ ಹಸಿರು ಪೆನ್ನು ಹುಡುಕಿ, ಒಣಗಿದ್ದನ್ನು ಬಿಸಿನೀರಿನಲ್ಲಿ ಅದ್ದಿ, ನನ್ನ ಕೈ ಮೇಲೆ ನಾನೇ ಬರೆದುಕೊಂಡೆ. ಹನ್ನೆರಡು ಅಂಕಿಯೂ ಸುತ್ತಿನೊಳಗೆ ಸರಿಯಾಗಿ ಕೂತವು. ಅಂಗಡಿಯ ವಾಚಿನಂತಾಯಿತು. ಅಳಿಸಿ, ಬೇಕೆಂದೇ ತಪ್ಪಾಗಿ ಬರೆದೆ. ಬೇಕೆಂದು ಮಾಡಿದ ತಪ್ಪು ಬೇರೆಯೇ ಕಾಣುತ್ತದೆ ಇವಳೇ, ಅದರಲ್ಲಿ ಜಾಣತನ ಇರುತ್ತದೆ. ಮಗು ಹನ್ನೆರಡನ್ನು ಆಚೆ ಹಾಕಿದ್ದು ಜಾಣತನಕ್ಕಲ್ಲ, ಜಾಗವಿಲ್ಲದ್ದಕ್ಕೆ.

ಬೇಡ ಎನ್ನುವುದಕ್ಕೂ ಕಾರಣಗಳಿವೆ. ಗಾಯ ಆರುವವರೆಗೆ ಹದಿನೈದು ದಿನ ಹಿಟ್ಟು, ಯೀಸ್ಟು, ನೀರು ತಾಕಿಸಬಾರದಂತೆ. ಇಷ್ಟು ವರ್ಷದಲ್ಲಿ ನಾನು ಹೆಚ್ಚುಕಡಿಮೆ ಅಷ್ಟು ದಿನ ಹಿಟ್ಟು ಮುಟ್ಟದೆ ಇದ್ದದ್ದು ಒಂದೇ ಸಲ, ಅದು ಮಗಳು ಆಸ್ಪತ್ರೆಯಲ್ಲಿದ್ದಾಗ ಮತ್ತು ಅದರ ಬೆನ್ನಿಗೇ. ನೋಡಿದವರು ಕೇಳುತ್ತಾರೆ, ನಾನು ಹೇಳುವುದಿಲ್ಲ, ಆಗ ಅವರು ನಗುತ್ತಾರೆ. ಅದೆಲ್ಲ ಇರಲಿ. ನನ್ನನ್ನು ನಿಜವಾಗಿ ತಡೆದದ್ದು ಬೇರೆ. ಬೆಳಿಗ್ಗೆ ತೊಳೆದುಹೋದದ್ದರಿಂದಲೇ ಅವಳು ಮಾರನೇ ದಿನ ಮತ್ತೆ ಬರೆಯುತ್ತಿದ್ದಳು. ಅಳಿಯದ ವಾಚಿದ್ದರೆ ಎರಡನೇ ದಿನ ನನ್ನ ಕೈ ಹಿಡಿದುಕೊಳ್ಳುತ್ತಿರಲಿಲ್ಲ. ಹಚ್ಚೆ ಹಾಕಿಸಿಕೊಂಡರೆ, ಇನ್ನು ಬರೆಯುವವರು ಯಾರೂ ಇಲ್ಲ ಎಂದು ನಾನೇ ಬರೆದು ಒಪ್ಪಿಕೊಂಡ ಹಾಗೆ. ಈ ಯೋಚನೆಯಲ್ಲಿ ಮೂರು ವಾರ ಕಳೆದೆ.

ಹಚ್ಚೆಯಾಕೆ ಕಥೆಯನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ನನ್ನ ಮಣಿಕಟ್ಟು ತಿರುಗಿಸಿ ನೋಡಿ, ‘ಗಂಟೆ ಎಷ್ಟು ಇಡ್ಲಿ ಅಣ್ಣಾ?’ ಎಂದು ಕೇಳಿದಳು. ಅವಳು ಕೇಳಲೇಬೇಕಾದ ಪ್ರಶ್ನೆ. ಆರು ಎಂದು ಬಾಯಿಯವರೆಗೆ ಬಂತು. ಇನ್ನೊಂದು ದಿನ ಬರುತ್ತೇನೆ ಎಂದು ಎದ್ದು ಬಂದೆ. ಯಾಕೆಂದರೆ ಕೊನೆಯ ವಾಚು ಆರು ಗಂಟೆ ತೋರಿಸುತ್ತಿರಲಿಲ್ಲ. ಆಸ್ಪತ್ರೆಯ ಹನ್ನೊಂದು ದಿನಗಳಲ್ಲಿ ಒಂಬತ್ತನೆಯ ದಿನ, ನೀನು ಬಟ್ಟೆ ತರಲು ಮನೆಗೆ ಹೋಗಿದ್ದಾಗ, ಮಗಳು ನನ್ನ ಜೇಬಿನ ಪೆನ್ನು ಕೇಳಿ ಬರೆದದ್ದು ಅದು. ಸೂಜಿಗೆ ಪಟ್ಟಿ ಸುತ್ತಿದ್ದ ಕೈಯಲ್ಲೇ ಬರೆದಳು. ಸುತ್ತು, ಅಂಕಿ, ಪಟ್ಟಿ ಎಲ್ಲ ಇತ್ತು, ಮುಳ್ಳು ಇರಲಿಲ್ಲ. ನೀನು ಬಂದವಳು ನನ್ನ ಕೈ ನೋಡಿದೆ. ಆಮೇಲೆ ಕಾರಿಡಾರಿನಲ್ಲಿ ನಿನ್ನ ಅಕ್ಕನಿಗೆ ಫೋನಿನಲ್ಲಿ ‘ಮುಳ್ಳು ಹಾಕೋಷ್ಟೂ ಶಕ್ತಿ ಇಲ್ಲ ಕಣೇ ಮಗೂಗೆ’ ಎಂದು ಅತ್ತದ್ದು ನನಗೆ ಕೇಳಿಸಿತು.

ಆರು ದಿನ ಎಡಗೈಗೆ ನೀರು ಸೋಕಿಸಲಿಲ್ಲ. ಅವಳು ಹೋದ ನಾಲ್ಕನೇ ದಿನ ಕೆಲಸಕ್ಕೆ ಹೋದೆ. ಸಂಜೆ ಬಂದಾಗ ನೀನು ಬಾಗಿಲು ತೆಗೆದು, ಮುಖ ನೋಡಲಿಲ್ಲ, ಕೈ ನೋಡಿದೆ. ‘ತೊಳೆದುಬಿಟ್ರಾ?’ ಅಂದೆ. ನಾನು ‘ಉಗುರಪ್ಪ ಬಿಡಲಿಲ್ಲ’ ಅಂದೆ. ಆಮೇಲೆ ನಾವಿಬ್ಬರೂ ಅವಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಉಗುರಪ್ಪ ಬಿಡಲಿಲ್ಲ ಅಂದದ್ದು ಸುಳ್ಳು. ಆ ಬೆಳಿಗ್ಗೆ ಉಗುರಪ್ಪ ನನ್ನನ್ನು ನೋಡಿ ‘ಇವತ್ತು ಯಾಕಪ್ಪಾ ಬಂದೆ, ಮನೆಗೆ ಹೋಗು’ ಅಂದ. ಹೋಗದೆ ನಿಂತಾಗ ಕೈ ಮೇಲಿನದು ಅವನ ಕಣ್ಣಿಗೆ ಬಿತ್ತು. ‘ಇರ್ಬೇಕು ಅಂದ್ರೆ ಕೌಂಟರ್ ಹತ್ರ ಕೂತ್ಕೋ. ಕೈ ತೊಳೀಬೇಡ ಮಾರಾಯ’ ಎಂದು ಬೇಡಿಕೊಂಡ. ನಾನು ನಲ್ಲಿ ತಿರುಗಿಸಿದೆ. ಅವನು ಆ ಕಡೆ ತಿರುಗಿ ನಿಂತ. ಐದು ಆಗಲೇ ಮಾಸಿಹೋಗಿತ್ತು, ಎಂಟು ಅರ್ಧ ಇತ್ತು. ದಿನಕ್ಕೊಂದು ಅಂಕಿಯಂತೆ ಹೋಗುವುದನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಒಂದು ತಿಂಗಳಾದ ಮೇಲೆ ಅವನು ಬ್ರೆಡ್ಡು ಹಿಡಿದುಕೊಂಡು ಮನೆಗೆ ಬಂದಾಗ ನೀನು ಬಾಗಿಲು ತೆಗೆಯಲಿಲ್ಲ. ಅವನು ಅದನ್ನು ಹೊಸ್ತಿಲ ಮೇಲಿಟ್ಟು ಹೋದ. ನನ್ನ ಸುಳ್ಳನ್ನು ಅವನು ಎರಡು ವರ್ಷ ಹೊತ್ತಿದ್ದಾನೆ, ಹೊತ್ತಿದ್ದೇನೆಂದು ಅವನಿಗೆ ಗೊತ್ತೂ ಇಲ್ಲ.

ನಿನ್ನೆ ಹಚ್ಚೆಯಾಕೆಯ ಹತ್ತಿರ ಮತ್ತೆ ಹೋಗಿದ್ದೆ. ಮಾರ್ಚ್ 3, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಎಂದು ಗೊತ್ತುಮಾಡಿ ಬಂದೆ. ಹದಿನೈದು ದಿನ ರಜೆ ಕೇಳಿದಾಗ ಉಗುರಪ್ಪ ‘ಅದು ತೊಳೆದ್ರೂ ಹೋಗಲ್ಲ ತಾನೆ?’ ಎಂದಷ್ಟೇ ಕೇಳಿ ಸಹಿ ಹಾಕಿದ. ಆದರೆ ಅಂಕಿಗಳು ನನ್ನಿಂದ ಬರುವುದಿಲ್ಲ. ಮಗಳಿಗೆ ಬರೆಯಲು ಕಲಿಸಿದವಳು ನೀನು. ಅವಳ ಕೈ ಹಿಡಿದು ಏಳನ್ನು ನೂರು ಸಲ ತಿದ್ದಿದ್ದೀಯ; ಅದು ಎಷ್ಟು ತಿರುಗುತ್ತಿತ್ತೆಂದು ನಿನ್ನ ಕೈಗೆ ಗೊತ್ತು. ಒಂದು ಕಾಗದದ ಮೇಲೆ ಬರೆದು ಕಳಿಸುತ್ತೀಯಾ? ಯಾರಾದರೂ ನೇರವಾಗಿ ಕೈ ಮೇಲೆ ಪೆನ್ನಿನಲ್ಲಿ ಬರೆದರೆ ಅದರ ಮೇಲೇ ಸೂಜಿ ಆಡಿಸುತ್ತೇನೆ, ಒಂದು ಗೆರೆಯನ್ನೂ ತಿದ್ದುವುದಿಲ್ಲ ಎಂದೂ ಹಚ್ಚೆಯಾಕೆ ಹೇಳಿದಳು. ಇದನ್ನು ಸುಮ್ಮನೆ ಬರೆದಿದ್ದೇನೆ. ಪೆನ್ನು ಇನ್ನೂ ಬರೆಯುತ್ತದೆ. ನಿನ್ನಿಂದ ಏನೂ ಬರದಿದ್ದರೂ ಮೂರನೇ ತಾರೀಖು ನಾನು ಹೋಗುತ್ತೇನೆ, ಆಗ ಅದು ಅಂಗಡಿಯ ವಾಚಿನಂತಿದ್ದರೂ ಸರಿಯೇ.

ನಿನ್ನ ಅಕ್ಕನಿಗೆ ನಮಸ್ಕಾರ ತಿಳಿಸು. ಭಾವನ ಕೆಮ್ಮು ಕಡಿಮೆಯಾಗಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸಿಲಲ್ಲಿ ಓಡಾಡಬೇಡ.

ನಿನ್ನ,
ಇವರು

ತಾ. ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ, ಹರಿದಿದ್ದರೆ ಕ್ಷಮಿಸು. ಬರೆಯುವುದಾದರೆ ಮುಳ್ಳು ಬರೆಯಬೇಡ. ಅವಳಿಗೆ ಶಕ್ತಿ ಇತ್ತು. ಅಂಕಿಯೆಲ್ಲ ಮುಗಿಸಿ ಎಂದಿನಂತೆ ‘ಎಷ್ಟು ಗಂಟೆಗೆ ಬರ್ತೀಯ?’ ಎಂದು ಕೇಳಿದಳು. ‘ನಾನೆಲ್ಲೂ ಹೋಗಲ್ಲ, ಇಲ್ಲೇ ಇರ್ತೀನಿ’ ಅಂದೆ. ‘ಹಾಗಾದ್ರೆ ಮುಳ್ಳು ಬೇಡ’ ಅಂದಳು. ಪೆನ್ನಿಗೆ ತಾನೇ ಮುಚ್ಚಳ ಹಾಕಿದಳು, ಟಕ್ ಎಂದು ಸದ್ದಾಗುವವರೆಗೆ ಒತ್ತಿ. ಆಮೇಲೆ ನನ್ನ ಕೈಯನ್ನು ಸ್ವಲ್ಪ ದೂರ ಹಿಡಿದು ನೋಡಿ ಖುಷಿಪಟ್ಟಳು. ಇದನ್ನು ನಿನಗೆ ಅವತ್ತೇ ಹೇಳಬೇಕಿತ್ತು, ಕಾರಿಡಾರಿಗೆ ಬಂದು. ಆಮೇಲೆ ಹೇಳಲು ಬಾಯಿ ಬರಲಿಲ್ಲ. ಎಲ್ಲೂ ಹೋಗಲ್ಲ ಎಂದವನು ನಾಲ್ಕನೇ ದಿನ ಹೋದೆನಲ್ಲ. ಮೂರನೇ ತಾರೀಖು, ಹತ್ತು ಗಂಟೆ. ಎಡಗೈ. ಬಕಲ್ ಯಾವ ಕಡೆ ಎಂದು ನೀನು ಹೇಳು. ಮುಳ್ಳು ಬೇಡ.