ಹಿಂದಿನ ಸೀಟು

ಫೆಬ್ರವರಿ 23, ರವಿವಾರ

ಹಳೇ ಜಾವಾ ಬೈಕಿನ ಟ್ಯಾಂಕಿನೊಳಗೆ ಒಂದು ಬೊಗಸೆ ನಟ್ಟು, ಅರ್ಧ ಲೀಟರ್ ಡೀಸೆಲ್. ಬಾಯಿ ಮುಚ್ಚಿ ಅಲುಗಾಡಿಸಿದೆ. ಐವತ್ತು ಸಲ. ವಿಶ್ರಾಂತಿ. ಮತ್ತೆ ಐವತ್ತು. ಸುರಿದರೆ ಚಹಾದಂಥ ಕೆಂಪು ನೀರು. ಹತ್ತೊಂಬತ್ತು ವರ್ಷದ ತುಕ್ಕು ಒಂದು ದಿನಕ್ಕೆ ಹೋದೀತೇ? ಭುಜ ಹಿಡಿದುಕೊಂಡಿದೆ.

ಮಗ್ಗಗಳನ್ನು ಮಾರಿದ ಮೇಲೆ ಈ ಶೆಡ್ಡಿನಲ್ಲಿ ಸಪ್ಪಳವಾಗಿದ್ದು ಇವತ್ತೇ. ಪಕ್ಕದವರ ಮಗ್ಗಗಳು ಖಟಾಖಟ್ ನಡೆದೇ ಇವೆ. ಇಚಲಕರಂಜಿಯಲ್ಲಿ ಸುಮ್ಮನೆ ಕೂತ ಮನೆ ನನ್ನದೊಂದೇ ಏನೋ.

ಹೊತ್ತು ಮುಳುಗುವುದರೊಳಗೆ ಉಂಡೆ. ಬೆಳಗಿನ ರೊಟ್ಟಿ. ಕಾಂಚನ ಹೋಗಿ ನಾಲ್ಕು ತಿಂಗಳಾಯಿತು, ಈ ನೇಮ ಮಾತ್ರ ಬಿಟ್ಟಿಲ್ಲ. ಭಕ್ತಿ ಗಿಕ್ತಿ ಅಲ್ಲ. ಮೂವತ್ತೆರಡು ವರ್ಷ ಆರು ಗಂಟೆಗೆ ಬಡಿಸಿ ಬಡಿಸಿ ಹೊಟ್ಟೆಗೆ ಚಾಳಿ ಹಚ್ಚಿ ಹೋಗಿದ್ದಾಳೆ.

ಫೆಬ್ರವರಿ 24

ಒಮ್ಮೆ ಬರೆದಿಟ್ಟರೆ ಮತ್ತೆ ಮತ್ತೆ ಯೋಚಿಸುವುದು ತಪ್ಪೀತು.

ದೀಪಾವಳಿ ಮುಗಿಸಿ ಗಡಹಿಂಗ್ಲಜದ ಜೈನ ಬಸ್ತಿಗೆ ಹೋದಳು. ಮಾತಾಜಿಯವರ ಸಂಘದಲ್ಲಿ ಇದ್ದಾಳೆ. ಇನ್ನೂ ವ್ರತ ತೊಟ್ಟಿಲ್ಲ, ಹಾಗಾಗಿ ಬಿಳಿಯಲ್ಲ, ಬಣ್ಣದ ಸೀರೆಯೇ. ಮೇ 25ಕ್ಕೆ ತವನಿಧಿಯಲ್ಲಿ ದೀಕ್ಷೆ. ಮನೆಯವರ ಒಪ್ಪಿಗೆ ಕಾಗದ ಬೇಕಿತ್ತು, ಸಹಿ ಮಾಡಿದೆ. ಸಿಟ್ಟಿನಲ್ಲಿ ಮಾಡಿದೆ, ಕಾಗದ ಹರಿಯುವ ಹಾಗೆ ಒತ್ತಿ. ‘ಬೇಡ’ ಅನ್ನುತ್ತಾನೆ ಎಂದು ಕಾದಿದ್ದಳೋ ಏನೋ. ನಾನು ಅನ್ನಲಿಲ್ಲ. ಗಂಡಸಿನ ಸೊಕ್ಕು.

ಕಾಗದ ಮಡಚಿಕೊಂಡು ಒಂದೇ ಒಂದು ಕೇಳಿದಳು: “ದೀಕ್ಷಾ ಆದ ಮ್ಯಾಲ ಕಾಲ್ನಡಗೀನ ರೀ. ಯಾವ ಗಾಡೀನೂ ಹತ್ತಂಗಿಲ್ಲ. ಅದಕ್ಕೂ ಮೊದಲ ಒಮ್ಮೆ ಜಾವಾ ಮ್ಯಾಲ ತವನಿಧಿಗೆ ಕರಕೊಂಡ ಹೋಗ್ರಿ. ಹತ್ತೊಂಬತ್ತ ವರ್ಷಾತು, ನಾಳೆ ರಿಪೇರಿ ಮಾಡ್ತೇನಿ, ನಾಳೆ ಮಾಡ್ತೇನಿ ಅನಕೋತನ ಬಂದೀರಿ.”

71ರ ಮಾಡೆಲ್. ಮದುವೆಗೆ ಎರಡು ವರ್ಷ ಮೊದಲು ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಮದುವೆಯಾದ ಎಂಟನೇ ದಿನ ಅವಳನ್ನು ಕೂರಿಸಿಕೊಂಡು ತವನಿಧಿಗೆ ಹೊರಟಿದ್ದೆ. ತವಂದಿ ಘಾಟಿನ ನಡುವೆ ನಿಂತುಬಿಟ್ಟಿತು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೂಕಿದಳು ಮಹಾತಾಯಿ. ಲಾರಿಯವರು ಹಾರ್ನ್ ಹೊಡೆದು ನಕ್ಕರು. ಅವಳೂ ನಕ್ಕಳು. ಆಗ ಗಾಡಿ ಮರೂನ್ ಬಣ್ಣದ್ದು. ಆಮೇಲೆ ನಾನೇ ಕರಿ ಬಳಿಸಿ ಹಾಳು ಮಾಡಿದೆ.

ಮಾರ್ಚ್ 9

ಸೀಟು ಬಿಚ್ಚಿದೆ. ಹಿಂದಿನ ಭಾಗದ ಸ್ಪಂಜಿನೊಳಗೆ ಇಲಿ ಮರಿ ಹಾಕಿದೆ. ಏಳು.

ಚಿಮಟಿಗೆಯಲ್ಲಿ ಎತ್ತಿ ಹೊರಗೆ ಹಾಕಿದರೆ ಎರಡು ನಿಮಿಷದ ಕೆಲಸ. ಕೈ ಬರಲಿಲ್ಲ. ಬಸ್ತಿಗೆ ಫೋನ್ ಹಚ್ಚಿದೆ. ಸಂಘದ ಅಡುಗೆ ನೋಡುವ ದುಂಡವ್ವ ಎತ್ತಿದಳು. “ದೀದಿ ಸ್ವಾಧ್ಯಾಯಕ್ಕ ಕುಂತಾರ್ರಿ. ಯಾರಂತ ಹೇಳ್ಲಿ?”

ಯಾರಂತ ಹೇಳಬೇಕು! “ಇಚಲಕರಂಜಿ ಧನಪಾಲ ಅಂತ ಹೇಳ್ರಿ” ಅಂದೆ. ಗಂಡ ಅನ್ನಲು ನಾಲಿಗೆ ಹೊರಳಲಿಲ್ಲ.

ಅರ್ಧ ಗಂಟೆಗೆ ಕಾಂಚನಳೇ ಮಾಡಿದಳು.

“ಕಣ್ಣ ಬಿಟ್ಟಾವೇನ್ರಿ?”

“ಇಲ್ಲ. ಶೇಂಗಾ ಕಾಳಿನಗತೆ ಕೆಂಪಗ ಅದಾವ.”

“ಮತ್ತ ಕೇಳೂದೇನೈತಿ? ತಾವಾಗೇ ಹೋಗೂತನಕ ಮುಟ್ಟಬ್ಯಾಡ್ರಿ. ಬೆಕ್ಕ ಬರಧಂಗ ಬಾಗಲಾ ಹಾಕ್ರಿ.”

“ಅಲ್ಲೀತನಕ ನನ್ನ ದಿನಾ ಸುಮ್ನ ಹೋಗ್ತಾವಲ್ಲ.”

“ಹೋಗ್ಲಿ. ಅವುಕ್ಕೂ ತಾಯಿ ಅದಾಳ.”

ಫೋನ್ ಇಟ್ಟುಬಿಟ್ಟಳು. ಸೀಟನ್ನು ಇದ್ದ ಹಾಗೇ ಮೂಲೆಯಲ್ಲಿ ಇಟ್ಟೆ. ಸಪ್ಪಳಕ್ಕೆ ತಾಯಿ ಹೆದರಿ ಓಡಿದರೆ? ಸುತ್ತಿಗೆ ಕೆಲಸವೂ ಬಂದ್.

ಮಾರ್ಚ್ 17

ಬಟ್ಟಲಲ್ಲಿ ಶೇಂಗಾ ಇಟ್ಟಿದ್ದೆ. ಖಾಲಿಯಾಗಿದೆ. ಮನೆಯಲ್ಲಿ ಒಂದು ಸಂಸಾರವಾದರೂ ನಡೆದಿದೆಯಲ್ಲ, ಆಯಿತು.

ಮಾರ್ಚ್ 31

ಹೋದವು. ನಿನ್ನೆ ಯುಗಾದಿ, ನಿನ್ನೆಯೇ ಹೋಗಿರಬೇಕು. ಗೂಡು ತಣ್ಣಗಿತ್ತು. ಖುಷಿಯಾಗಬೇಕಿತ್ತು. ಇಪ್ಪತ್ತೆರಡು ದಿನ ಹಾಳು ಅಂತ ಬೈಯಬೇಕಿತ್ತು. ಎರಡೂ ಆಗಲಿಲ್ಲ. ಶೆಡ್ಡು ಬಿಕೋ ಅಂದಿತು.

ಏಪ್ರಿಲ್ 8, ಕೊಲ್ಹಾಪುರ

ಕಿಕ್ ಹೊಡೆದು ಹೊಡೆದು ಮೊಣಕಾಲು ಹೋಯಿತು, ಗಾಡಿ ಮಿಸುಕಲಿಲ್ಲ. ಇಂಜಿನ್ ಇಳಿಸಿ ಟೆಂಪೋದಲ್ಲಿ ಹಾಕಿಕೊಂಡು ಭಾವುಸಾಹೇಬನ ಹತ್ತಿರ ಬಂದೆ. ಉದ್ಯಮನಗರದ ಹಳೇ ಮಿಸ್ತ್ರಿ. ಎಪ್ಪತ್ತು ದಾಟಿದ್ದಾನೆ, ಜಾವಾ ಅಂದರೆ ಈಗಲೂ ಚಹಾ ಬಿಟ್ಟು ಏಳುತ್ತಾನೆ.

ಕಿವಿ ಹಚ್ಚಿ ಕೈಯಿಂದ ತಿರುಗಿಸಿ ನೋಡಿದ. “ಸತ್ತಿಲ್ಲೋ ಧನಪಾಲ. ಝೋಪ್ಯಾಗ ಐತಿ, ನಿದ್ದಿ ಹೊಡ್ಯಾಕತ್ತೈತಿ. ಸೀಲ್ ಹೋಗ್ಯಾವ, ಗಾಳಿ ಎಳಕೊಳ್ಳಾಕತ್ತೈತಿ.” ಕ್ರ್ಯಾಂಕಿನ ಸೀಲ್ ತೆಗೆದರೆ ಹಳೇ ಬಿಸ್ಕೀಟಿನ ಹಾಗೆ ಕೈಯಲ್ಲೇ ಪುಡಿಯಾಯಿತು.

“ಈ ವಯಸ್ಸಿನ್ಯಾಗ ಇದೇನ ಹುಚ್ಚೋ?”

ಹೇಳಿದೆ. ಹೆಂಡತಿ, ದೀಕ್ಷೆ, ತವನಿಧಿ. ಕೈ ಒರೆಸಿಕೊಂಡ. ಆಮೇಲೆ, “ಹನ್ನೆರಡ ದಿನಾ ಕೊಡು. ಬಾಕಿ ಕೆಲಸಾ ಬಾಜೂಕ ಇಡ್ತೇನಿ” ಅಂದ. ಕಣ್ಣು ತುಂಬಿ ಬಂತು. ನಾಚಿಕೆಗೇಡು.

ಏಪ್ರಿಲ್ 10, ಮಹಾವೀರ ಜಯಂತಿ

ಓಣಿಗೆ ಓಣಿಯೇ ಮೆರವಣಿಗೆಗೆ ಹೋಗಿದೆ. ನಾನು ಹೋಗಲಿಲ್ಲ. ಹೋದರೆ ಎಲ್ಲರೂ ಕೈ ಮುಗಿಯುತ್ತಾರೆ. ‘ಪುಣ್ಯವಂತ ನೀ, ನಿಮ್ಮ ಮನಿಯಾಗ ದೀಕ್ಷಾ ಆಗಾಕತ್ತೈತಿ.’ ಪುಣ್ಯವಂತನಿಗೆ ಪಲ್ಲೆ ಮಾಡಲು ಬರುವುದಿಲ್ಲ, ಅದನ್ನು ಯಾರೂ ಕೇಳುವುದಿಲ್ಲ.

ಸಾಂಗ್ಲಿಯಿಂದ ಮಗಳು ಮನಾಲಿ ಫೋನ್. “ಪಪ್ಪಾ, ಖರೇ ಹೇಳ್ರಿ. ಗಾಡಿ ಮ್ಯಾಲ ಕುಂಡ್ರಿಸಿಕೊಂಡ ಅವ್ವನ್ನ ಮನೀಗೇ ಕರಕೊಂಡ ಬರೋ ವಿಚಾರ ಐತಲ್ಲ?”

“ಹುಚ್ಚಿ, ಏನರೆ ಮಾತಾಡಬ್ಯಾಡ” ಅಂದೆ.

ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು? ಇದೆ. ಆಸೆ ಇದೆ. ಒಮ್ಮೆ ಹಿಂದೆ ಕೂತು ನನ್ನ ಹೆಗಲ ಮೇಲೆ ಕೈಯಿಟ್ಟರೆ ಇಳಿಯಲು ಮನಸ್ಸಾಗದು ಅಂತ. ಅಷ್ಟೇ.

ಏಪ್ರಿಲ್ 22, ಬೆಳಿಗ್ಗೆ 11

ಚಾಲೂ ಆಯಿತು!

ಒಂಬತ್ತನೇ ಕಿಕ್ಕಿಗೆ. ಒಮ್ಮೆ ಕೆಮ್ಮಿ, ಒಮ್ಮೆ ಸೀನಿ, ಆಮೇಲೆ ಫಟ್ ಫಟ್ ಫಟ್… ಶೆಡ್ಡೆಲ್ಲ ನೀಲಿ ಹೊಗೆ. “ಕಾಂಚನಾ, ಬಾರ ಇಲ್ಲೆ!” ಅಂತ ಒದರಿಬಿಟ್ಟೆ. ಅಡುಗೆಮನೆ ಕಡೆ ತಿರುಗಿ. ಪಕ್ಕದ ಮಗ್ಗದವರಿಗೆ ಕೇಳಿಸಿರಬೇಕು.

ಏಪ್ರಿಲ್ 24

ಕಾಂಚನಳ ಫೋನ್. ಮನಾಲಿ ಹೇಳಿದ್ದಾಳೆ.

“ಚಾಲೂ ಆತಂತಲ್ರಿ? ಹಂಗಾರ ನಾಳೆ ಬರ್ರಿ.”

“ಏ, ಹಿಂಗ ಹ್ಯಾಂಗ ಬರ್ಲಿ? ಬಣ್ಣಾ ಕಿತ್ತು ನಾಯಿ ಹುರುಕಾದಂಗ ಆಗೈತಿ. ಮೊದಲಿನ ಮರೂನ್ ಹಚ್ಚಿಸ್ತೇನಿ. ನೀ ನೋಡ್ತಿರು.”

“ನನಗ ಬಣ್ಣಾ ಏನ ಮಾಡೂದೈತ್ರಿ.”

“ನನಗ ಐತಿ.”

ಕರಿ ಗಾಡಿಯ ಮೇಲೆ ಕರೆದುಕೊಂಡು ಹೋಗಲು ಇಷ್ಟೆಲ್ಲ ಮಾಡಿದೆನೇ? ಟ್ಯಾಂಕು, ಮಡ್‌ಗಾರ್ಡು ಎಲ್ಲ ಪೇಂಟರನ ಹತ್ತಿರ ಹೋದವು.

ಏಪ್ರಿಲ್ 27

ಮತ್ತೆ ಅವಳೇ. ಮೂರು ದಿನದಲ್ಲಿ ಎರಡು ಸಲ. ಮನಸ್ಸು ಹಗುರಾಯಿತು, ನೆನಪಾಗಲು ಶುರುವಾಗಿದೆ ಅಂದುಕೊಂಡೆ.

“ಬಣ್ಣಾ ಆತೇನ್ರಿ?”

“ಆಗೈತಿ, ಆರಬೇಕು. ನಾಕ ದಿನಾ ತಡಿಯಲಾ.”

“ನಾಕ ದಿನಾ ಭಾಳ ಆಕ್ಕಾವ್ರಿ.”

“ದೀಕ್ಷಾಕ ಇನ್ನೂ ತಿಂಗಳ ಐತಿ. ಏನ ಅವಸರಾ ನಿನಗ?”

ಹಿಂದೆ ಬಸ್ತಿಯ ಗಂಟೆ ಕೇಳಿಸಿತು.

“ಆತು. ಆರ್ಲಿ.”

ಏಪ್ರಿಲ್ 30, ಅಕ್ಷಯ ತೃತೀಯಾ

ಆದಿನಾಥರು ಉಪವಾಸ ಬಿಟ್ಟ ಪಾರಣೆಯ ದಿನ. ಓಣಿಯ ಮಂದಿ ಕಬ್ಬಿನ ಹಾಲು ಹಂಚಿದರು. ಎರಡು ಗ್ಲಾಸು ಕುಡಿದೆ. ಗಾಡಿ ಜೋಡಿಸಿ ಮುಗಿಯಿತು. ಆಹಾ, ಕನ್ನಡಿ! ಹಿಂದಿನ ಮಡ್‌ಗಾರ್ಡಿಗೆ ಮಾತ್ರ ನಟ್ಟು ಬಿಗಿಯುವಾಗ ಪಾನಾ ತಾಗಿ ಗೀರು ಬಿತ್ತು. ಸಂಜೆ ನಾನೇ ಬ್ರಶ್ ಹಿಡಿದು ದಪ್ಪಗೆ ಇನ್ನೊಂದು ಕೈ ಹೊಡೆದೆ. ಕೂತಿದ್ದ ಒಂದು ಸೊಳ್ಳೆಯನ್ನು ಊದಿ ಎಬ್ಬಿಸಿದೆ. ಕಾಂಚನ ನೋಡಿದ್ದರೆ ನಗುತ್ತಿದ್ದಳು.

ಶುಕ್ರವಾರ ಹೊರಡುವುದು. ಫೋನ್ ಮಾಡುವುದಿಲ್ಲ. ಸಪ್ಪಳ ಕೇಳಿಯೇ ಹೊರಗೆ ಬರಲಿ.

ಮೇ 2, ಸಂಜೆ

ಬೆಳಗಿನ ಐದಕ್ಕೆ ಬಿಟ್ಟೆ. ಕಾಗಲ, ನಿಪ್ಪಾಣಿ. ತವಂದಿ ಘಾಟನ್ನು ಒಂದೇ ದಮ್ಮಿಗೆ ಏರಿತು. ಸಂಕೇಶ್ವರದಲ್ಲಿ ಒಂದು ಚಹಾ. ಹಿಂದಿನ ಸೀಟಿಗೆ ಹೊಸ ಸ್ಪಂಜು ಹಾಕಿಸಿದ್ದೆ, ಮೇಲೆ ಅವಳ ಒಂದು ಹಳೇ ಶಾಲು ಕಟ್ಟಿದ್ದೆ, ಧೂಳು ಕೂರದಿರಲಿ ಅಂತ.

ಗಡಹಿಂಗ್ಲಜ ಇನ್ನೂ ಐದು ಕಿಲೋಮೀಟರ್ ಇರುವಾಗ ಎದುರಿಗೆ ಸಂಘ. ಕಾಲ್ನಡಿಗೆಯ ವಿಹಾರ ಹೊರಟಿದ್ದಾರೆ, ತವನಿಧಿ ಕಡೆಗೇ. ಮುಂದೆ ಮಾತಾಜಿ, ಹಿಂದೆ ಏಳೆಂಟು ಹೆಂಗಸರು ಬಿಳಿ ಸೀರೆಯಲ್ಲಿ. ಬಣ್ಣದ ಸೀರೆ ಹುಡುಕಿದೆ. ಇಲ್ಲ. ಗಾಡಿ ನಿಲ್ಲಿಸಿ ಮಾತಾಜಿಗೆ ಕೈ ಮುಗಿದೆ. ಕೊನೆಯ ಬಿಳಿ ಸೀರೆ ನನ್ನ ಮುಂದೆ ನಿಂತಿತು.

“ಬಂದ್ರೇನ್ರಿ?”

ಬರಿಗಾಲು. ಕೈಯಲ್ಲಿ ಬಳೆ ಇಲ್ಲ. ನನಗೆ ತಿಳಿಯಬೇಕಿತ್ತು. ಆದರೂ, “ಹತ್ತು ಮತ್ತ” ಅಂದೆ. ಮೂರ್ಖ.

“ಮೊನ್ನೆ ಅಕ್ಷಯ ತೃತೀಯಾಕ್ಕ ವ್ರತಾ ತಗೊಂಡೆ. ವಾಹನ ತ್ಯಾಗನೂ ಅದರಾಗ ಬಂತು.”

ನನ್ನ ಸೋದರತ್ತೆ ಗೌರವ್ವ ತನ್ನ ದೀಕ್ಷೆಗೆ ತಿಂಗಳು ಮೊದಲೇ ಬಸ್ಸು ಬಿಟ್ಟು ದತ್ತವಾಡದಿಂದ ನಡೆದೇ ಬಂದಿದ್ದಳು. ಕಣ್ಣಾರೆ ಕಂಡವನು ನಾನು. ಬಸ್ತಿಯ ಮೆಟ್ಟಿಲ ಮೇಲೆ ಆಡಿ ಬೆಳೆದು ಇಷ್ಟು ಹೊಳೆಯಲಿಲ್ಲ. ಮೇ 25, ಮೇ 25 ಅಂತ ಒಂದೇ ತಾರೀಖು ಹಿಡಿದು ಕೂತೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಬಣ್ಣ ಹಚ್ಚಿಕೊಂಡು ಬಂದೆ.

“ಒಂದ ಮಾತ ಹೇಳಬಾರದಾಗಿತ್ತೇನ? ಕರೀ ಗಾಡೀನ ತರ್ತಿದ್ನಿ. ಟ್ಯಾಂಕ್ ಇಲ್ಲದನ ತರ್ತಿದ್ನಿ!” ರಸ್ತೆಯಲ್ಲೇ ಕೂಗಾಡಿದೆ. ಅಡುಗೆಯ ದುಂಡವ್ವ ಮುಖ ತಿರುಗಿಸಿಕೊಂಡಳು.

“ಎರಡ ಸಲಾ ಕೇಳಿದೆನಲ್ರಿ” ಅಂದಳು ಕಾಂಚನ. “ಮೂರನೇ ಸಲಾ ಕೇಳಿದ್ರ ಅದು ಆಶಾ ಆಗ್ತಿತ್ತು. ಆಶಾ ಇಟಗೊಂಡು ವ್ರತಾ ಹ್ಯಾಂಗ ತಗೊಳ್ಳಿ?”

ಅವಳಿಗೂ ಬೇಕಾಗಿತ್ತು. ಅದೊಂದು ತಿಳಿಯಿತು. ತಿಳಿದು ಇನ್ನೂ ಕೆಟ್ಟಿತು.

ಗಾಡಿ ಬಂದ್ ಮಾಡಿದೆ. ಬಂದ ದಿಕ್ಕಿಗೇ ತಿರುಗಿಸಿ, ಹ್ಯಾಂಡಲ್ ಹಿಡಿದು ಸಂಘದ ಹಿಂದೆ ತಳ್ಳಿಕೊಂಡು ನಡೆದೆ. ಬೇರೆ ಏನು ಮಾಡಲಿ, ಬಿಟ್ಟು ಓಡಿ ಬರಲೇ? ಅವಳು ನಾಲ್ಕು ಹೆಜ್ಜೆ ಮುಂದೆ. ಎರಡೂ ಕಡೆ ಕಬ್ಬು. ಏರು ಬಂತು. ಅರ್ಧಕ್ಕೆ ಉಸಿರು ಹತ್ತಿತು, ಗಾಡಿ ಹಿಂದಕ್ಕೆ ಸರಿಯತೊಡಗಿತು. ಬಿದ್ದೆ ಅಂದುಕೊಂಡೆ.

ಗಾಡಿ ಹಗುರಾಯಿತು.

ತಿರುಗಿ ನೋಡಿದರೆ ಕಾಂಚನ. ಬಿಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಡ್‌ಗಾರ್ಡಿಗೆ ಕೈ ಕೊಟ್ಟು ನೂಕುತ್ತಿದ್ದಾಳೆ.

“ವ್ರತಾ?” ಅಂದೆ.

“ಹತ್ತೂದಿಲ್ಲ ಅಂದೇನಿ. ನೂಕೂದಿಲ್ಲ ಅಂದಿಲ್ಲ. ಮುಂದ ನೋಡಿ ನಡೀರಿ.”

ಏರು ಮುಗಿಯುವ ತನಕ ನೂಕಿದಳು. ಮೇಲೆ ಬಂದ ಮೇಲೆ ಕೈ ಜಾಡಿಸಿಕೊಂಡು, ಹಿಂದೆ ನೋಡದೆ ಹೋಗಿ ಸಾಲು ಸೇರಿದಳು. ನಾನು ಅಲ್ಲೇ ನಿಂತೆ. ತಿರುವಿನಲ್ಲಿ ಯಾವುದು ಅವಳ ಸೀರೆ ಅಂತ ಗುರುತು ಸಿಗಲಿಲ್ಲ.

ಇವತ್ತು ಉಂಡಿಲ್ಲ. ಹೊತ್ತು ಮುಳುಗಿಹೋಯಿತು.

ಮೇ 9, ಕೊಲ್ಹಾಪುರ

ಗಾಡಿ ಟ್ಯೂನಿಂಗಿಗೆ ಒಯ್ದಿದ್ದೆ. ಭಾವುಸಾಹೇಬ ಹಿಂದೆ ಬಗ್ಗಿ ನೋಡಿದ.

“ಹೇ ಕಾಯ್, ಇದೇನೋ? ಬಣ್ಣಾ ಹಸೀ ಇದ್ದಾಗ ಯಾರೋ ಕೈ ಒತ್ತ್ಯಾರಲ್ಲೋ!”

ನಾನು ನೋಡಿಯೇ ಇರಲಿಲ್ಲ. ನಾನೇ ದಪ್ಪಗೆ ಬಳಿದದ್ದು ಒಳಗೆ ಆರಿರಲಿಲ್ಲ. ನಾಲ್ಕು ಬೆರಳು ಸ್ಪಷ್ಟ. ಹೆಬ್ಬೆರಳು ಅರ್ಧ.

“ಪಾಲಿಶ್ ಪೇಪರ್ ಹೊಡದು ಒಂದ ಕೈ ಕೊಟ್ರ ಗೊತ್ತೂ ಆಗೂದಿಲ್ಲ. ಇವತ್ತ ಮರೂನ್ ಖಲಾಸ್ ಆಗೈತಿ, ನಾಳೆ ತಗೊಂಡ ಬಾ.”

ಹೂಂ ಅಂದೆ.

ಮೇ 25, ರವಿವಾರ, ಬೆಳಿಗ್ಗೆ 6

ಇವತ್ತು ದೀಕ್ಷೆ. ಮನಾಲಿ ನೇರ ತವನಿಧಿಗೆ ಬರುತ್ತಾಳೆ. ನಾನು ಬಸ್ಸಿಗೆ ಹೋಗುತ್ತೇನೆ. ಮಾತಾಜಿ ಇವತ್ತು ಅವಳಿಗೆ ಹೊಸ ಹೆಸರು ಇಡುತ್ತಾರೆ. ಕಾಂಚನ ಅಂತ ಬರೆಯುವುದು ಇದೇ ಕೊನೆ ಇರಬೇಕು. ಕಾಂಚನ.

ಹೊರಡುವ ಮೊದಲು ಶೆಡ್ಡಿಗೆ ಹೋಗಿ ಬಂದೆ. ಬೆರಳಿನ ಗುರುತಿನ ಮೇಲೆ ನನ್ನ ಕೈ ಇಟ್ಟು ನೋಡಿದೆ. ನನ್ನದು ದೊಡ್ಡದಾಯಿತು.

ನಿನ್ನೆ ಭಾವುಸಾಹೇಬ ಮತ್ತೆ ಫೋನ್ ಮಾಡಿದ್ದ. ಬಣ್ಣ ತಂದಿಟ್ಟು ಹದಿನೈದು ದಿನ ಆಯಿತಂತೆ, ಯಾವಾಗ ತರುತ್ತೀ ಅಂತ.

ನಾಳೆ ಅಂದೆ. ನಾಳೆ…