ಕಣ್ಣು ಮುಚ್ಚಿಕೊಂಡು ಕದ್ದ ಗುಟ್ಟು

ಮಾನ್ಯ ಹುಣಸೂರು ಅಮಲ್ದಾರರೇ,

ಈಗ ಸಂಜೆ ಆರು ಗಂಟೆ. ಬೆಳಗ್ಗೆಯಿಂದ ನಾನು ಮಾಡಿದ ಕೆಲಸ ಇಷ್ಟೇ: ಠಾಣೆಗೆ ಬುತ್ತಿ ಒಯ್ದೆ, ಬುತ್ತಿ ವಾಪಸು ತಂದೆ. ಬುತ್ತಿಯಲ್ಲೂ ಗುಟ್ಟು ಸಾಗಬಹುದಂತೆ. ಒಳಗಿರುವ ಚಿಕ್ಕಮಾದು ಈ ವರ್ಷ ತೀರಿಹೋದ ನನ್ನ ಹೆಂಡತಿ ಚೆಲುವಮ್ಮನ ತಮ್ಮ. ಹೊಗೆಸೊಪ್ಪಿನ ಕಂಪನಿಯ ಹೊಸ ಯಂತ್ರದ ಗುಟ್ಟು ಕದ್ದನೆಂದು ಅವನನ್ನು ಕೂಡಿಹಾಕಿಸಿದ್ದೀರಿ. ಕದ್ದ ಮಾಲು ಎಲ್ಲಿ ಎಂದರೆ ಪೊಲೀಸಿನವರು ಅವನ ತಲೆಯತ್ತ ಬೆರಳು ತೋರಿಸುತ್ತಾರೆ.

ಸೊಪ್ಪು ಒಣಗಿಸುವ ಮನೆಗೆ ಬಿಸಿಗಾಳಿ ಊದುವ ಆ ಯಂತ್ರವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಅರಗಿನ ಮೊಹರು ಒತ್ತಿದ್ದಾರೆ. ಪೇಟೆಂಟು ಕೈಗೆ ಬರುವವರೆಗೆ ಯಾರೂ ಒಳಗೆ ನೋಡಬಾರದು. ಸರಿ. ಒಬ್ಬರು ಕಷ್ಟಪಟ್ಟು ಕಂಡುಕೊಂಡದ್ದನ್ನು ಇನ್ನೊಬ್ಬರು ಹೊತ್ತೊಯ್ಯಬಾರದು, ನಾನೂ ಒಪ್ಪುತ್ತೇನೆ. ಆದರೆ ಅದಕ್ಕೆ ಸೌದೆ ಒಟ್ಟುವವರು ಮಾದುವಿನಂಥ ಈ ಸೀಮೆಯ ಜನ, ಇಲ್ಲಿ ವರ್ಷಕ್ಕೊಮ್ಮೆ ಆಯುಧಪೂಜೆ ಬರುತ್ತದೆ ಎಂದು ಆ ಮಹನೀಯರಿಗೆ ಯಾರೂ ತಿಳಿಸಲಿಲ್ಲವೇ?

ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ನಮ್ಮ ಕುಡುಗೋಲು, ಒನಕೆ ಬರಿಮೈಯಲ್ಲಿ ಮೂಲೆ ಹಿಡಿದಿದ್ದವು. ಚೆಲುವಮ್ಮ ಇದ್ದಿದ್ದರೆ ಸಾರಿನ ಸೌಟಿಗೂ ಕುಂಕುಮ ಇಡುತ್ತಿದ್ದಳು. ಅದನ್ನು ನೋಡಲಾರದೆ ಮಾದು, "ಅಕ್ಕನ ಪಾಲಿನ ಪೂಜೆ ನಾನು ಅಲ್ಲೇ ಮಾಡ್ತೀನಿ ಬುಡು ಭಾವ" ಎಂದು ಅರಿಶಿನ, ಕುಂಕುಮ, ನಿಂಬೆಹಣ್ಣು ಕಟ್ಟಿಕೊಂಡು ಕೆಲಸಕ್ಕೆ ಹೋದ. ಮೊಹರು ಒಡೆದ. ಹೌದು, ಒಡೆದ.

ಪಕ್ಕದಲ್ಲೇ ಇದ್ದ ಕೆಲಸಗಾರ ನಿಂಗಯ್ಯ ಹೇಳಿದಂತೆಯೇ ಬರೆಯುತ್ತೇನೆ. ಮ್ಯಾನೇಜರು ಬಂದು, "ಯಾಕೆ ತೆಗೆದೆ?" ಎಂದರಂತೆ.

"ಪೆಟ್ಗೆಗೆ ಕುಂಕುಮ ಇಟ್ರೆ ಮಿಸನ್ನಿಗೆ ಸಲ್ತದಾ ಬುದ್ದಿ? ಗುಡಿ ಬಾಗ್ಲಿಗೆ ಮಂಗ್ಳಾರತಿ ಎತ್ತಿ ಬತ್ತಾರಾ?"

"ಒಳಗೆ ಏನು ನೋಡಿದೆ?"

"ಏನೂ ಕಾಣ್ನಿಲ್ಲ. ಕಣ್ಮುಚ್ಕಂಡು ಕೈ ಮುಗ್ದೆ ಕಣ್ರೀ."

"ಕುಂಕುಮ ಇಡುವಾಗ?"

"ಆಗ ಕುಂಕುಮ ನೋಡ್ತಿದ್ದೆ."

ಮಾನ್ಯರೇ, ಕದ್ದದ್ದು ಏನೆಂದು ತೀರ್ಮಾನಿಸಲು ಗುಟ್ಟು ಏನೆಂದು ತಮಗೆ ತಿಳಿಯಬೇಕು. ಕಂಪನಿ ಹೇಳುವುದಿಲ್ಲ; ಹೇಳಿದರೆ ಗುಟ್ಟು ಹೋಯಿತು. ಮಾದು ಹೇಳಲಾರ, ಅವನಿಗೆ ಗೊತ್ತೇ ಇಲ್ಲ. ಹಾಗಾದರೆ ತಾವು ತೂಗಿ ನೋಡುವುದು ಏನನ್ನು, ಆ ಚಿಟಿಕೆ ಕುಂಕುಮವನ್ನೇ? ಬಾಗಿಲು ಮುಚ್ಚಿ ವಿಚಾರಣೆ ನಡೆಸಬೇಕೆಂದು ಕಂಪನಿಯ ವಕೀಲರು ಬೇಡಿದ್ದಾರಂತೆ. ಕಚೇರಿಯ ಬಾಗಿಲಿಗೂ ಅರಗು ಒತ್ತಿಸುತ್ತೀರಾ?

ಮೊಹರು ಒಡೆದದ್ದಕ್ಕೆ ದಂಡ ಹಾಕಿ, ಕಟ್ಟುತ್ತೇನೆ. ಕಳ್ಳನೆಂದು ಮಾತ್ರ ಬರೆಯಬೇಡಿ. ಬಾಗಿಲು ತೆರೆದಿಟ್ಟು ವಿಚಾರಿಸಿ. ಮಾದುವಿನ ಕೈಗೆ ಒಂದು ಬಳಪ ಕೊಟ್ಟು ಕಂಡದ್ದರ ಚಿತ್ರ ಬರೆದು ತೋರಿಸು ಎನ್ನಿ. ಯಂತ್ರದ ಹಾಗೆ ಬಂದರೆ ಜೈಲಿಗೆ ಕಳುಹಿಸಿ. ಮಾರಮ್ಮನ ಹಾಗೆ ಬಂದರೆ ಮನೆಗೆ ಕಳುಹಿಸಿ. ಚೆಲುವಮ್ಮನ ಕಡೆಯಿಂದ ನನಗೆ ಉಳಿದಿರುವವನು ಅವನೊಬ್ಬನೇ.

ಈ ಪತ್ರಕ್ಕೆ ಮೊಹರಿಲ್ಲ. ಒಂದು ಪ್ರತಿಯನ್ನು ಚಾವಡಿಯ ಗೋಡೆಗೆ ಅಂಟಿಸಿದ್ದೇನೆ, ಯಾರು ಬೇಕಾದರೂ ನೋಡಲಿ.

ಇಂತಿ,
ಬಚ್ಚಿಡಲು ಏನೂ ಉಳಿಯದ ಮನೆಯ ಯಜಮಾನ,
ನಿಂಗರಾಜು

ನಾಳೆ ಹತ್ತು ಗಂಟೆಗೆ ವಿಚಾರಣೆ. ಇಬ್ಬರಿಗಾಗುವಷ್ಟು ಬುತ್ತಿ ಕಟ್ಟಿಕೊಂಡು ಬರುತ್ತೇನೆ.