ಅಪ್ಪನ ಲೋಟಕ್ಕೆ ಮಜ್ಜಿಗೆ

ಸಿರಾ,
ಪಿತೃಪಕ್ಷ, ೧೯೬೨

ಅವ್ವಾ,

ನಿನ್ನ ಕಾಲಿಗೆ ಬಿದ್ದೆ. ಈ ಕಾಗದವನ್ನು ತಂಗಿ ಪುಟ್ಟಕ್ಕನ ಕೈಲೇ ಓದಿಸು, ಬೇರೆಯವರ ಕೈಗೆ ಕೊಡಬೇಡ.

ನಾನು ಹೆಂಡ ಬಿಟ್ಟಿದ್ದೇನೆ. ಇಲ್ಲಿ ಟೈಲರ್ ನಸ್ರುಲ್ಲಾ ಸಾಹೇಬರ ಅಂಗಡಿಯಲ್ಲಿ ಭಾನುವಾರ ಕುಡಿತ ಬಿಟ್ಟವರು ಸೇರುತ್ತಾರೆ. ಮೊದಲ ಸಲ ಯಾರಾದರೂ ನೋಡಿಯಾರೆಂದು ಎದುರಿನ ಬೇವಿನ ಮರದ ಹಿಂದೆ ನಿಂತಿದ್ದೆ. ಸಾಹೇಬರೇ ಬಂದು, "ಒಳಕ್ಕೆ ಬಾರಪ್ಪ, ನಾವೆಲ್ಲಾ ಹಿಂಗೇ ನಡುಗ್ತಾ ಬಂದೋರೇ" ಎಂದು ಕರೆದೊಯ್ದರು. ಅಲ್ಲಿ ಕೂತಿರುವಷ್ಟು ಹೊತ್ತು ಹೆದರಿಕೆ ಇರುವುದಿಲ್ಲ.

ಈಗ ಅಮಾವಾಸ್ಯೆ ಬಂತು. ಅಪ್ಪನ ಎಡೆಗೆ ಹೆಂಡ ಇಡುತ್ತೀಯ. ಹಿರಿಮಗ ಅದರಲ್ಲಿ ಒಂದು ಗುಟುಕು ಕುಡಿದ ಮೇಲೆಯೇ ಮನೆಯವರು ಉಣ್ಣಬೇಕು. ಆ ಗುಟುಕು ಒಳಗೆ ಹೋದರೆ ನಾನು ಅಷ್ಟಕ್ಕೇ ನಿಲ್ಲಿಸಲಾರೆ. ಅದರ ವಾಸನೆ ನೆನೆದು ಈ ಕಾಗದವನ್ನೇ ಎರಡು ಸಲ ಅರ್ಧಕ್ಕೆ ಬಿಟ್ಟು ಎದ್ದು ಹೋದೆ.

ಈ ಸಲ ಅಪ್ಪನ ಲೋಟಕ್ಕೆ ಮಜ್ಜಿಗೆ ಹುಯ್ಯಿ. ಹೆಂಡ ತಂದಿಟ್ಟಿದ್ದರೆ ನಾನು ಬರುವ ಮೊದಲೇ ದೂರ ಚೆಲ್ಲಿಸಿಬಿಡು. ಸಾಹೇಬರು ನನ್ನ ಜೊತೆಗೆ ಬರುತ್ತಾರೆ, ಅವರಿಗೂ ಒಂದು ಎಲೆ ಹಾಕು.

ಅಪ್ಪ ಕನಸಿಗೆ ಬಂದು ಬೈದರೆ ನನ್ನ ಹೆಸರು ಹೇಳಿಬಿಡು. ಅವನ ಸಿಟ್ಟೆಂದರೆ ನನಗೆ ಇವತ್ತಿಗೂ ಭಯ. ಆ ಲೋಟವೆಂದರೆ ಅದಕ್ಕಿಂತ ಭಯ.

ನಿನ್ನ ಹಿರಿಮಗ,
ಮುದ್ದಪ್ಪ